ಜೇನು ಮೇಷ್ಟ್ರ ಮುಂದಿನ ಫೋರ್ಕು

ಕಲ್ಲಾರೆಯಲ್ಲಿ ಪದ್ಮಯ್ಯನವರನ್ನು ಯಾರೂ ಪದ್ಮಯ್ಯ ಎಂದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಜೇನು ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಜೇನು ಸಹಕಾರ ಸಂಘದ ಫೀಲ್ಡ್‌ಮ್ಯಾನ್ ಆಗಿ ಸೋಮವಾರಪೇಟೆ ಸುತ್ತಿನ ತೋಟಗಳಿಗೆ ಹೋಗಿ, ಪೆಟ್ಟಿಗೆಯಲ್ಲಿ ಜೇನು ಸಾಕುವುದು ಹೇಗೆಂದು ತೋರಿಸಿಕೊಡುತ್ತಿದ್ದರು. ಅವರಿಂದ ಕಲಿತವರು ಎಷ್ಟು ಜನವೋ ತಿಳಿಯದು, ಕಚ್ಚಿಸಿಕೊಂಡವರಂತೂ ಪ್ರತಿ ಮನೆಯಲ್ಲೂ ಇದ್ದರು.

ಹುಟ್ಟೂರು ಭಾಗಮಂಡಲದ ಕಡೆ. ಮನೆಮಾತು ಅರೆಭಾಷೆ. ಮೀಸೆ ಮೂಡುವ ಮೊದಲೇ ಪಟ್ಟಾಳಕ್ಕೆ ಸೇರಿ, ಯುದ್ಧಕಾಲದಲ್ಲಿ ಅಸ್ಸಾಮಿನ ಕಾಡುಗಳಲ್ಲಿ ಮೋಟಾರ್ ಸೈಕಲ್ ಮೇಲೆ ಒಂದು ಕ್ಯಾಂಪಿನಿಂದ ಇನ್ನೊಂದು ಕ್ಯಾಂಪಿಗೆ ಟಪಾಲು ಒಯ್ಯುತ್ತಿದ್ದರು. ಯುದ್ಧ ಮುಗಿದ ಮೇಲೆ ಕೆಲವರು ಪದಕ ತಂದರು, ಕೆಲವರು ರಮ್ಮಿನ ಅಭ್ಯಾಸ ತಂದರು. ಪದ್ಮಯ್ಯನವರು ತಂದದ್ದು ಮೋಟಾರ್ ಸೈಕಲ್ಲಿನ ಹುಚ್ಚು. ಸೇನೆಗೆ ಬೇಡವಾದ ಗಾಡಿಗಳನ್ನು ಬೆಂಗಳೂರಿನಲ್ಲಿ ಹರಾಜು ಹಾಕಿದಾಗ ಹೋಗಿ, ಪಾಚಿ ಬಣ್ಣದ ಒಂದು ಭಾರಿ ಗಾಡಿಯನ್ನು ಹಿಡಿದು ತಂದರು. ಆಮೇಲೆ ಮದುವೆಯಾದರು. ಹೆಂಡತಿ ಯಮುನ ಆ ಕ್ರಮವನ್ನು ಎಂದೂ ಮರೆಯಲಿಲ್ಲ, ಮರೆಯಲು ಬಿಡಲೂ ಇಲ್ಲ.

ಸೋಮವಾರಪೇಟೆಯಿಂದ ಕಲ್ಲಾರೆಗೆ ಹೋಗುವ ದಾರಿಯನ್ನು ರಸ್ತೆ ಎನ್ನುತ್ತಿದ್ದುದು ಅಭ್ಯಾಸಬಲದಿಂದ. ಮರದ ದಿಮ್ಮಿ ಎಳೆಯುವ ಗಾಡಿಗಳ ಚಕ್ರ ಕೊರೆದ ಹಳ್ಳ, ಹಳ್ಳದ ಮಧ್ಯೆ ಬಂಡೆ, ನಡುವೆ ಸೇತುವೆಯಿಲ್ಲದ ಒಂದು ಹೊಳೆ. ಕೊಡಗು ತಾನೇ ಒಂದು ರಾಜ್ಯವಾಗಿದ್ದಾಗ ಊರಿನವರು ಬರೆದ ಅರ್ಜಿಗಳು ಮಡಿಕೇರಿಗೆ ಹೋಗಿ ಅಲ್ಲಿ ಕಳೆದುಹೋಗುತ್ತಿದ್ದವು. ಮೈಸೂರಿಗೆ ಸೇರಿದ ಮೇಲೆ ಬೆಂಗಳೂರಿಗೆ ಹೋಗಿ ಅಲ್ಲಿ ಕಳೆದುಹೋಗತೊಡಗಿದವು. ದೊಡ್ಡ ರಾಜ್ಯ ಸೇರಿದ್ದರಿಂದ ಕಲ್ಲಾರೆಗೆ ಆದ ಲಾಭ ಸದ್ಯಕ್ಕೆ ಅಷ್ಟೇ.

ಪದ್ಮಯ್ಯನವರು ಜೇನುಪೆಟ್ಟಿಗೆಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ, ಮಡಿಲಲ್ಲಿ ಮಗು ಕೂರಿಸಿಕೊಂಡ ಹಾಗೆ ಕಟ್ಟಿಕೊಂಡು ಹೋಗುತ್ತಿದ್ದರು. ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದ ಗಾಡಿ ಅದು. ಹಿಂದೆ ಕೂರಿಸಿದ್ದು ಜೇನಾಗಲಿ ಮನುಷ್ಯನಾಗಲಿ ಸುಖವಾಗಿ ಊರು ಮುಟ್ಟುತ್ತಿರಲಿಲ್ಲ. ಹಾಗಾಗಿ ಎಲ್ಲ ಭಾರವೂ, ಎಲ್ಲ ಭರವಸೆಯೂ ಮುಂದಿನ ಫೋರ್ಕಿನ ಮೇಲೆ. ಅದೋ ಹಳೆಯ ಕಾಲದ್ದು: ಚಕ್ರವನ್ನು ಹಿಡಿದ ಎರಡು ಕಬ್ಬಿಣದ ತೋಳು, ಅವುಗಳ ಎದುರಿಗೆ ಒಂದು ದಪ್ಪ ಸ್ಪ್ರಿಂಗು, ಪಕ್ಕದಲ್ಲಿ ಬಿಗಿ-ಸಡಿಲ ಮಾಡಲು ಒಂದು ತಿರುಪು. ಬಿಗಿ ಮಾಡಿದರೆ ಮೊಣಕೈ ಕಳಚುವಂತೆ ಹೊಡೆಯುತ್ತಿತ್ತು. ಸಡಿಲ ಬಿಟ್ಟರೆ ಕಟ್ಟು ಬಿಚ್ಚಿದ ಕರುವಿನಂತೆ ಕುಣಿಯುತ್ತಿತ್ತು. ಅವರು ತಿರುವಿಗೊಮ್ಮೆ ನಿಲ್ಲಿಸಿ ತಿರುಪು ತಿರುಗಿಸಿ ಮುಂದೆ ಹೋಗುವರು. ನೋಡಿದವರು ಗಾಡಿ ಕೆಟ್ಟಿದೆ ಎಂದು ತಿಳಿದು ತಳ್ಳಲು ಬರುತ್ತಿದ್ದರು.

ಒಂದು ಸೋಮವಾರ ಸಂತೆ ಮುಗಿಸಿ ಊರವರು ನಡೆದು ಬರುತ್ತಿದ್ದ ಹೊತ್ತಿಗೇ ಹೊಳೆಯ ದಂಡೆಯಲ್ಲಿ ಮುಂದಿನ ಚಕ್ರ ಹಳ್ಳಕ್ಕೆ ಬಿತ್ತು. ಫೋರ್ಕು ತಳ ಮುಟ್ಟಿ ‘ಟಣ್’ ಎಂದಿತು. ಪೆಟ್ಟಿಗೆಯೊಳಗೆ ಮೇಣದಿಂದ ಕಟ್ಟಿದ ಎರಿಗಳು ಮುರಿದು, ಜೇನುನೊಣಗಳೆಲ್ಲ ಹೊರಬಿದ್ದವು. ಮೇಷ್ಟ್ರಿಗೆ ಅವು ಏನೂ ಮಾಡಲಿಲ್ಲ, ಪರಿಚಯದ ಮುಖ. ಹಿಂದೆ ಕೊಡೆ ಹಿಡಿದು ಬರುತ್ತಿದ್ದ ಪಂಚಾಯ್ತಿ ಚೇರ್ಮನ್ ನಂಜಪ್ಪನವರನ್ನು ಹಿಡಿದವು. ಚೇರ್ಮನ್ನರ ಎರಡು ಕಣ್ಣೂ ಮುಚ್ಚಿಕೊಂಡವು. ಮರುದಿನದ ಪಂಚಾಯ್ತಿ ಸಭೆಯನ್ನು ಅವರು ಏನೂ ಕಾಣದೆಯೇ ನಡೆಸಿದರು. ಸದಸ್ಯರಿಗೆ ಅದರಿಂದ ಯಾವ ವ್ಯತ್ಯಾಸವೂ ತೋರಲಿಲ್ಲ.

ಅಂದಿನಿಂದ ಪದ್ಮಯ್ಯನವರಿಗೆ ಫೋರ್ಕಿನದೇ ಧ್ಯಾನ. ಆಗಷ್ಟೇ ಹೊಸ ಬಗೆಯ ಫೋರ್ಕಿನ ಗಾಡಿಗಳು ಬಂದಿದ್ದವು. ಎರಡು ಕಾಲು, ಪ್ರತಿ ಕಾಲಲ್ಲೂ ಕೊಳವೆಯೊಳಗೆ ಇಳಿಯುವ ಕೊಳವೆ, ಒಳಗೆ ಉದ್ದನೆಯ ಸ್ಪ್ರಿಂಗು ಮತ್ತು ಎಣ್ಣೆ. ಅಂಥದೊಂದು ಗಾಡಿಯನ್ನು ಹತ್ತಿರದ ತೋಟದ ಯಜಮಾನರ ಮಗ ಕೊಂಡು, ಕೆಲವೇ ದಿನಗಳಲ್ಲಿ ಕಂದಕಕ್ಕೆ ಇಳಿಸಿದ. ಹುಡುಗನಿಗೆ ತರಚು ಗಾಯ, ಗಾಡಿಗೆ ಬೆನ್ನುಮೂಳೆ ಮುರಿತ. ಫೋರ್ಕಿಗೆ ಮಾತ್ರ ಏನೂ ಆಗಿರಲಿಲ್ಲ. ಪದ್ಮಯ್ಯನವರು ವಿಷಯ ತಿಳಿದು ಹುಡುಗನ ಯೋಗಕ್ಷೇಮ ವಿಚಾರಿಸಲು ಹೋದರು, ವಿಚಾರಿಸಿದರು, ಎರಡು ಜೇನು ಕುಟುಂಬಗಳನ್ನು ತೋಟದಲ್ಲಿ ಇಟ್ಟುಕೊಡುವ ಮಾತು ಕೊಟ್ಟು, ಫೋರ್ಕನ್ನು ಹೊತ್ತುಕೊಂಡು ಬಂದರು.

ಆದರೆ ಅದರ ಕತ್ತು ಈ ಗಾಡಿಯ ಕತ್ತಿಗೆ ಕೂರಲಿಲ್ಲ. ಕುಶಾಲನಗರದಲ್ಲಿ ಲೇತ್ ಇಟ್ಟುಕೊಂಡಿದ್ದ ಪುಟ್ಟರಾಜು ಎಂಬಾತ ಎರಡನ್ನೂ ಅಳೆದು ನಕ್ಕ.

“ಎಮ್ಮೆ ಕತ್ತಿಗೆ ಕುದ್ರೆ ತಲೆ ಕೂರ್ಸು ಅಂತೀರಲ್ಲ ಮೇಷ್ಟ್ರೇ.”

“ಕೂರುತ್ತಾ ಇಲ್ವಾ?”

“ಕೂರ್ಸಬೋದು. ಆಮೇಲೆ ಅದು ಯಾವ್ ಕಡೆ ಮೇಯಕ್ ಹೋಗುತ್ತೋ ನನ್ನ ಕೇಳ್ಬೇಡಿ.”

ನಡುವಿನ ಸಂದು ತುಂಬಲು ಅವನು ಬಳೆಯಂಥ ಹಿತ್ತಾಳೆಯ ಬುಷ್ ಕಡೆದು ಕೊಟ್ಟ. ಫೋರ್ಕು ಕೂತಿತು. ಈಗ ಎಣ್ಣೆಯ ಪ್ರಶ್ನೆ. ಇಂಜಿನ್ ಆಯಿಲ್ ಹಾಕಿದರೆ ಫೋರ್ಕು ಸೋಮಾರಿಯಾಯಿತು: ಒಂದು ಹಳ್ಳಕ್ಕೆ ಇಳಿದದ್ದು ಮುಂದಿನ ಹಳ್ಳ ಬಂದರೂ ಏಳುತ್ತಿರಲಿಲ್ಲ. ತೆಳ್ಳಗಿರಲಿ ಎಂದು ತೆಂಗಿನೆಣ್ಣೆ ಹಾಕಿದರು. ಅದು ಅದ್ಭುತವಾಗಿ ಕೆಲಸ ಮಾಡಿತು, ನವೆಂಬರ್ ತನಕ. ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟರೆ ಫೋರ್ಕು ಒನಕೆಯಂತೆ ನಿಂತುಬಿಟ್ಟಿದೆ. ಚಳಿಗೆ ಎಣ್ಣೆ ಕೊಳವೆಯೊಳಗೇ ಹೆಪ್ಪುಗಟ್ಟಿತ್ತು. ಅದನ್ನು ಕರಗಿಸಲು ಪದ್ಮಯ್ಯನವರು ಬಚ್ಚಲಿಂದ ಬಿಸಿನೀರು ತಂದು ಫೋರ್ಕಿನ ಕಾಲುಗಳಿಗೆ ಹೊಯ್ಯುತ್ತಿದ್ದಾಗ ಯಮುನ ಖಾಲಿ ಸೀಸೆ ಹಿಡಿದು ಬಾಗಿಲಲ್ಲಿ ನಿಂತಳು.

“ನನ್ನ ತಲೆಗೆ ಎಣ್ಣೆ ಇಲ್ಲೆ. ನಿಮ್ಮ ಗಾಡಿ ಕಾಲಿಗೆ ಉಟ್ಟು,” ಎಂದು ಅರೆಭಾಷೆಯಲ್ಲೇ ಅಂದಳು.

“ತಲೆಗೆ ಇಲ್ಲದಿದ್ದರೂ ನಡೀತದೆ ಯಮುನ, ಇದಕ್ಕೆ…” ಎಂದು ಶುರು ಮಾಡಿದ ಅವರು ಅವಳ ಮುಖ ನೋಡಿ ಮತ್ತೆ ಬಿಸಿನೀರು ಹೊಯ್ಯತೊಡಗಿದರು.

ಕೊನೆಗೆ ಇಂಜಿನ್ ಆಯಿಲ್ಲಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಬೆರೆಸಿ, ಒಂದು ಹದ ಹಿಡಿದರು. ಸ್ಪ್ರಿಂಗು ಮೆದುವಾಗಿದೆಯೆಂದು ಅದರ ತಲೆಯ ಮೇಲೆ ಕಬ್ಬಿಣದ ಪೈಪಿನ ತುಂಡು ಇಟ್ಟರು. ಜಾಸ್ತಿಯಾಯಿತೆಂದು ತುಂಡನ್ನು ಅರ ಹಾಕಿ ಸವೆಸಿದರು. ಫೋರ್ಕು ಎಷ್ಟು ಇಳಿಯುತ್ತದೆಂದು ತಿಳಿಯಲು ಸೈಕಲ್ ಟ್ಯೂಬಿನಿಂದ ಬಳೆಯಷ್ಟಗಲದ ಉಂಗುರ ಕತ್ತರಿಸಿ ಕೊಳವೆಗೆ ತೊಡಿಸಿದರು. ಗಾಡಿ ಹಾರಿದಾಗ ಉಂಗುರ ಮೇಲೆ ಸರಿಯುವುದು, ಅಲ್ಲೇ ನಿಲ್ಲುವುದು. ಪ್ರತಿ ಸಂಜೆ ಮನೆಗೆ ಬಂದು ಆ ಉಂಗುರದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಸಂಜೆ ದೀಪ ಹಚ್ಚಿದ ಹೊತ್ತಿಗೆ ಯಮುನಳ ಗಂಡ ಗಾಡಿಗೆ ಕೈಮುಗಿಯುತ್ತಾನೆ ಎಂದು ನೆರೆಮನೆಯ ಪೊನ್ನಮ್ಮನಿಗೆ ಅನುಮಾನ ಬಂದಿತ್ತು. ಯಮುನ ಅದನ್ನು ಅಲ್ಲಗಳೆಯಲಿಲ್ಲ.

ಆದರೆ ಫಲ ಸಿಕ್ಕಿತು. ಕಾಫಿ ಹೂವು ಬಿಡುವ ಕಾಲಕ್ಕೆ ಅವರು ಸೋಮವಾರಪೇಟೆಯಿಂದ ಒಂದು ಪೆಟ್ಟಿಗೆ ತಂದು ಕಲ್ಲಾರೆಯಲ್ಲಿ ಇಳಿಸಿ, ಮುಚ್ಚಳ ತೆಗೆದು ನೋಡಿದರೆ ನೊಣಗಳು ತಮ್ಮ ಪಾಡಿಗೆ ಎರಿ ಕಟ್ಟುತ್ತಿದ್ದವು. ಪ್ರಯಾಣ ಮಾಡಿದ ಸುದ್ದಿಯೇ ಅವಕ್ಕೆ ತಲುಪಿದಂತಿರಲಿಲ್ಲ. ಪದ್ಮಯ್ಯನವರಿಗೆ ಆನಂದದಿಂದ ಕಣ್ಣು ತುಂಬಿ ಬಂತು. ಅಂಥ ರಸ್ತೆಯಲ್ಲಿ ಅಂಥ ಸವಾರಿ! ಆ ಫೋರ್ಕಿನಿಂದ ಊರಿಗೆ ಕೇಡಾದೀತೆಂದು ಅವರಿಗಾಗಲಿ ಯಾರಿಗಾಗಲಿ ಹೊಳೆಯಲಿಲ್ಲ.

ಅದೇ ವರ್ಷ ಹೇಗೋ ಒಂದು ಅರ್ಜಿ ಕಳೆಯದೆ ಉಳಿದು, ರಸ್ತೆ ನೋಡಿ ವರದಿ ಕೊಡಲು ದೇವರಾಜು ಎಂಬ ಇಂಜಿನಿಯರನ್ನು ಕಳಿಸಿದರು. ಮೈಸೂರಿನ ಕಡೆಯ ಹೊಸ ಹುಡುಗ. ನಂಜಪ್ಪನವರು ಮನೆಯಲ್ಲಿ ಉಪಾಹಾರ, ಹಾರ, ಭಾಷಣ ಮೂರನ್ನೂ ಸಿದ್ಧಮಾಡಿಕೊಂಡು ಕಾದರು. ಸಾಹೇಬರನ್ನು ಎದುರುಗೊಳ್ಳಲು ಪದ್ಮಯ್ಯನವರನ್ನು ಹೊಳೆಯ ತನಕ ಕಳಿಸಿದರು. ಹೊಳೆಯ ಹತ್ತಿರ ಜೀಪಿನ ಡ್ರೈವರ್ ನೀರು ನೋಡಿ, ಬಂಡೆ ನೋಡಿ, “ನನ್ ಕೈಲಾಗಲ್ಲ ಸಾರ್” ಎಂದು ಬೀಡಿ ಹಚ್ಚಿದ. ಇಂಜಿನಿಯರ ಕಣ್ಣು ಮೋಟಾರ್ ಸೈಕಲ್ಲಿನ ಮೇಲೆ ಬಿತ್ತು.

“ಏನ್ರೀ ಇದು? ಗಾಡಿ ಹಳೇದು, ಫೋರ್ಕ್ ಹೊಸದು?”

“ನಾನೇ ಕೂರ್ಸಿದ್ದು ಸಾರ್.”

“ಒಂದು ರೌಂಡ್ ಓಡಿಸ್ಲಾ?”

ಪದ್ಮಯ್ಯನವರು ಆವರೆಗೆ ಆ ಗಾಡಿಯನ್ನು ಯಾರ ಕೈಗೂ ಕೊಟ್ಟವರಲ್ಲ. ಆದರೆ ಫೋರ್ಕನ್ನು ಕಂಡು ಕೇಳಿದ ಮೊದಲ ಮನುಷ್ಯ ಈತ. ಕೊಟ್ಟರು. ದೇವರಾಜು ಹೊಳೆ ದಾಟಿಸಿ, ಏರು ಹತ್ತಿಸಿ ಕಣ್ಮರೆಯಾದರು. ಪದ್ಮಯ್ಯನವರು ನಡೆದುಕೊಂಡು ಊರು ಸೇರುವಷ್ಟರಲ್ಲಿ ಅವರು ಊರಾಚೆಯ ಗುಡ್ಡದ ತನಕವೂ ಹೋಗಿ ಬಂದು, ಹಾರ ಹಾಕಿಸಿಕೊಂಡು, ಕಾಫಿ ಕುಡಿಯುತ್ತಿದ್ದರು. ಮುಖದಲ್ಲಿ ಹೊಸ ಅಳಿಯನ ಕಳೆ.

“ರಸ್ತೆ ಪರವಾಗಿಲ್ವಲ್ರೀ!” ಎಂದರು ನಂಜಪ್ಪನವರಿಗೆ. “ಜನ ಸುಮ್ಮನೆ ದೂರ್ತಾರೆ ಅಂತ ಆಫೀಸಲ್ಲಿ ಹೇಳಿದ್ರು. ನಾನು ನಂಬಿರ್ಲಿಲ್ಲ. ಕೈ ಒಂದ್ಸಲಾನೂ ನಡುಗ್ಲಿಲ್ಲ.”

“ಸಾರ್, ಅದು ರಸ್ತೆ ಅಲ್ಲ ಸಾರ್…” ಎಂದು ನಂಜಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಇಂಜಿನಿಯರು ಪದ್ಮಯ್ಯನವರ ಕಡೆ ತಿರುಗಿ, ಒಳಗೆ ಯಾವ ಎಣ್ಣೆ ಹಾಕಿದ್ದೀರಿ ಎಂದು ಕೇಳಿಬಿಟ್ಟರು. ಅಲ್ಲಿಗೆ ಮುಗಿಯಿತು. ಪದ್ಮಯ್ಯನವರು ತೆಂಗಿನೆಣ್ಣೆಯಿಂದ ಆರಂಭಿಸಿದರು. ಪೈಪಿನ ತುಂಡು, ಬುಷ್, ಟ್ಯೂಬಿನ ಉಂಗುರ, ಯಾವುದನ್ನೂ ಬಿಡಲಿಲ್ಲ. ನಂಜಪ್ಪನವರು ಬೆನ್ನ ಹಿಂದಿನಿಂದ ಚಿವುಟುತ್ತಿದ್ದರು. ಜೇನಿನ ಜೊತೆ ಬಾಳಿದವರಿಗೆ ಚಿವುಟಿದ್ದು ಯಾವ ಲೆಕ್ಕ? ಭಾಷಣ ಜೇಬಿನಲ್ಲೇ ಉಳಿಯಿತು. ಇಂಜಿನಿಯರು ಹೊರಟರು. ಆ ವರ್ಷ ಕಲ್ಲಾರೆಯ ರಸ್ತೆಗೆ ದುರಸ್ತಿ ಅಗತ್ಯವಿಲ್ಲ ಎಂದಾಯಿತು.

“ಊರಿನ ಬಾಯಿಗೆ ಮಣ್ಣು ಹಾಕ್ದಲ್ಲೋ ಮಾರಾಯ!” ಎಂದು ನಂಜಪ್ಪನವರು ಕೂಗಾಡಿದರು. “ಮೊದ್ಲು ನಿನ್ ಹುಳ ನನ್ ಕಣ್ ಮುಚ್ತು. ಈಗ ನಿನ್ ಗಾಡಿ ಸರ್ಕಾರದ್ ಕಣ್ ಮುಚ್ತು.”

ಪದ್ಮಯ್ಯನವರಿಗೆ ತಪ್ಪು ಮಾಡಿದೆನೆಂಬ ಸಂಕಟವೂ ಇತ್ತು, ‘ಕೈ ನಡುಗಲಿಲ್ಲ’ ಎಂದದ್ದು ನೆನಪಾದಾಗ ನಗುವೂ ಬರುತ್ತಿತ್ತು. ಎರಡೂ ಒಟ್ಟಿಗೆ ಬಂದು ಮುಖ ವಿಚಿತ್ರವಾಗಿ ಕಾಣುತ್ತಿತ್ತು. ಊರವರು ಕೆಲವು ಕಾಲ ಅವರಿಂದ ಜೇನುತುಪ್ಪ ಕೊಳ್ಳುವುದನ್ನು ನಿಲ್ಲಿಸಿದರು. ಕೆಮ್ಮು ಬಂದಾಗ ಮಾತ್ರ ಹಿತ್ತಲ ಬಾಗಿಲಿಂದ ಬರುತ್ತಿದ್ದರು.

ನಂಜಪ್ಪನವರು ಮಡಿಕೇರಿಗೆ ಅಲೆದು ಅಲೆದು ಮತ್ತೊಂದು ತನಿಖೆ ತಂದರು. ಈ ಬಾರಿ ದೊಡ್ಡ ಇಂಜಿನಿಯರು, ನಿವೃತ್ತಿಗೆ ಹತ್ತಿರದ ಸ್ಥೂಲಕಾಯರು, ತಾವೇ ಬರುವುದೆಂದಾಯಿತು. ನಂಜಪ್ಪನವರು ಪದ್ಮಯ್ಯನವರ ಅಂಗಳಕ್ಕೆ ಬಂದು ನಿಂತರು.

“ಆ ಹಳೇ ಫೋರ್ಕ್ ಎಲ್ಲೈತೆ?”

“ಅಟ್ಟದ ಮೇಲೆ.”

“ಇಳ್ಸು. ಹಾಕು. ಎಷ್ಟ್ ಬಿಗಿ ಆಗುತ್ತೋ ಅಷ್ಟು ಬಿಗಿ ಮಾಡು. ಸಾಹೇಬ್ರು ಹೊಳೆಯಿಂದ ನಿನ್ ಹಿಂದೆ ಕೂತ್ಕಂಡ್ ಬರ್ತಾರೆ.”

“ಬೇಕಂತಲೇ ಕೆಡಿಸೋದು ಹೇಗೆ ಚೇರ್ಮನ್ರೇ…”

“ಒಳ್ಳೇದ್ ಮಾಡಿ ಊರ್ ಕೆಡ್ಸಿದ್ದೀಯ. ಒಂದ್ಸಲ ಕೆಟ್ಟದ್ ಮಾಡಿ ಊರ್ ಉಳ್ಸು.”

ಪದ್ಮಯ್ಯನವರು ಹೊಸ ಫೋರ್ಕನ್ನು ಬಿಚ್ಚಿ, ಎಣ್ಣೆ ಸೋರದಂತೆ ಗೋಣಿಚೀಲ ಸುತ್ತಿ, ಗೋಡೆಗೆ ಒರಗಿಸಿಟ್ಟರು. ಹಳೆಯದನ್ನು ಹಾಕಿದರು. ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡಿ ಗೊತ್ತಿಲ್ಲದ ಮನುಷ್ಯ. ಕೆಡಿಸಬೇಕೆಂದ ಮೇಲೆ ಅದನ್ನೂ ಶ್ರದ್ಧೆಯಿಂದ ಮಾಡಿದರು: ತಿರುಪನ್ನು ಕೊನೆಯವರೆಗೆ ಬಿಗಿದರು, ಅಲ್ಲಾಡದಂತೆ ತಂತಿ ಕಟ್ಟಿದರು, ಎರಡು ಟೈರಿಗೂ ಕಲ್ಲಾಗುವಷ್ಟು ಗಾಳಿ ತುಂಬಿದರು. ಯಮುನ ನೋಡುತ್ತ ನಿಂತಿದ್ದಳು. ಗಂಡನ ಕೈಯಲ್ಲಿ ಗಾಡಿ ಹಾಳಾಗುವುದನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಬಯಸಿದ್ದಳು. ಆದರೆ ಅದು ಕಣ್ಣೆದುರು ನಡೆದಾಗ ಅವಳಿಗೆ ಯಾಕೋ ಹಿತವೆನಿಸಲಿಲ್ಲ. ಒಳಗೆ ಹೋಗಿ ಕಾಫಿ ತಂದುಕೊಟ್ಟಳು.

ಆ ದಿನ ಜೀಪಿನ ಡ್ರೈವರ್ ಹೊಳೆ ದಾಟುವ ಸಂಭವವೇ ಇರಲಿಲ್ಲ. ದಾಟದಿರಲು ಬೇಕಾದಷ್ಟು ಉಪಚಾರ ಅವನಿಗೆ ಸೋಮವಾರಪೇಟೆಯಲ್ಲೇ ಆಗಿತ್ತು. ದೊಡ್ಡ ಇಂಜಿನಿಯರು ಗೊಣಗುತ್ತ ಪದ್ಮಯ್ಯನವರ ಹಿಂದೆ ಕೂತರು. ಮೊದಲ ಬಂಡೆಗೆ ಅವರ ಟೋಪಿ ಹೋಯಿತು. ಎರಡನೆಯದಕ್ಕೆ ಅಧಿಕಾರ ಹೋಯಿತು: ಪದ್ಮಯ್ಯನವರ ಸೊಂಟವನ್ನು ತಬ್ಬಿಕೊಂಡು “ನಿಧಾನ ಅಪ್ಪಾ, ನಿಧಾನ” ಎಂದರು. ಪದ್ಮಯ್ಯನವರು ಮರುಗಿ ನಿಧಾನ ಮಾಡಿದರು. ಆ ಗಾಡಿ ನಿಧಾನವಾದಷ್ಟೂ ಹೆಚ್ಚು ಕುಕ್ಕುವ ಜಾತಿ. ಊರು ಮುಟ್ಟಿದಾಗ ಸಾಹೇಬರು ಇಳಿಯಲಿಲ್ಲ, ಇಳಿಸಿದರು. ನಂಜಪ್ಪನವರ ಜಗಲಿಯಲ್ಲಿ ಚಾಪೆ ಹಾಸಿ, ಮಗ್ಗುಲಾಗಿ ಮಲಗಿಸಿದರು. ಯಮುನ ಬಿಸಿ ಮಾಡಿದ ಎಣ್ಣೆ ತಂದಳು.

ನಂಜಪ್ಪನವರು ಭಾಷಣವನ್ನು ಜೇಬಿನಿಂದ ತೆಗೆದರು. “ನೋಡಿದ್ರಲ್ಲ ಸಾರ್, ನಮ್ ರಸ್ತೆ!”

“ರಸ್ತೆ ಅಲ್ಲಯ್ಯ!” ಸಾಹೇಬರು ಮಲಗಿದಲ್ಲಿಂದಲೇ ಗುಡುಗಿದರು. “ಅವನ ಗಾಡಿ! ಮುಂದಿನ ಫೋರ್ಕ್ ಪೂರ್ತಿ ಹಿಡ್ಕೊಂಡಿದೆ. ನಾನು ಇಂಜಿನಿಯರು, ನಂಗೆ ಗೊತ್ತಾಗಲ್ವಾ? ಇಂಥಾ ಗಾಡೀನ ರಸ್ತೆಗೆ ಬಿಟ್ಟೋರು ಯಾರು?”

ಜಗಲಿಯಲ್ಲಿದ್ದವರ ಮುಖ ಇಳಿದುಹೋಯಿತು. ಪದ್ಮಯ್ಯನವರಿಗೆ ಮಾತ್ರ ಸಾಹೇಬರ ಮೇಲೆ ಗೌರವ ಹುಟ್ಟಿತು. ಅವರ ಫೋರ್ಕಿನ ಸ್ಥಿತಿಯನ್ನು ಸರಿಯಾಗಿ ಗುರುತಿಸಿದವರು ಈ ಲೋಕದಲ್ಲಿ ಇಬ್ಬರೇ. ಇಬ್ಬರೂ ಬಂದದ್ದು ರಸ್ತೆ ನೋಡಲು.

ಸಾಹೇಬರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತು ಜೀಪಿಗೆ ಮುಟ್ಟಿಸಿದರು. ಸ್ವಲ್ಪ ದಿನಕ್ಕೆ ಮೋಟಾರು ವಾಹನದ ಇನ್‌ಸ್ಪೆಕ್ಟರ್ ಬಂದು, ಈ ಗಾಡಿ ಓಡಿಸಕೂಡದು, ಸರಿಮಾಡಿ ಮಡಿಕೇರಿಗೆ ತಂದು ತೋರಿಸಬೇಕು ಎಂದು ಹೇಳಿ ಹೋದರು. ಪದ್ಮಯ್ಯನವರು ಹೊಸ ಫೋರ್ಕನ್ನು ಮತ್ತೆ ಹಾಕಿ, ಗಾಡಿಯನ್ನು ಸೋಮವಾರಪೇಟೆಯ ತನಕ ತಳ್ಳಿ, ಅಲ್ಲಿಂದ ಕಿತ್ತಳೆ ಸಾಗಿಸುವ ಲಾರಿಯಲ್ಲಿ ಹೇರಿಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದರು. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು.

“ಇದು ಈ ಗಾಡೀದಲ್ಲ.”

“ಅಲ್ಲ ಸಾರ್. ಆದ್ರೆ ಒಳ್ಳೇದು.”

“ಒಳ್ಳೇದಿರ್ಬಹುದು. ಈ ಗಾಡೀದಲ್ಲ.”

“ಹಳೇದನ್ನೇ ಹಾಕ್ಕೊಂಡು ಬರ್ಲಾ?”

“ಅದು ಈ ಗಾಡೀದು. ಆದ್ರೆ ಅಪಾಯ. ಓಡಿಸೋ ಹಾಗಿಲ್ಲ.”

ಗಾಡಿಯನ್ನು ಅದೇ ಲಾರಿಯಲ್ಲಿ, ಈಗ ಕಿತ್ತಳೆಯ ಖಾಲಿ ಬುಟ್ಟಿಗಳ ಜೊತೆ, ವಾಪಸು ತಂದರು. ಪದ್ಮಯ್ಯನವರು ಜೇನುಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ನಡೆಯತೊಡಗಿದರು. ಜೇನಿಗೆ ಅದೂ ಸುಖವಾಗಿಯೇ ಇತ್ತು. ಮನುಷ್ಯನ ಮೊಣಕಾಲು ದೇವರು ಕೂರಿಸಿದ ಫೋರ್ಕು ಎಂದು ಅವರೇ ಒಮ್ಮೆ ಹೇಳಿದರಂತೆ. ಆದರೆ ಹೇಳುವಾಗ ನಗಲಿಲ್ಲ.

ಇಷ್ಟಾದ ಮೇಲೆ ರಸ್ತೆ ಮಂಜೂರಾಯಿತು! ಹೇಗೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಓವರ್‌ಸಿಯರೊಬ್ಬರು ಹೇಳಿದರು. ದೊಡ್ಡ ಇಂಜಿನಿಯರು ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಕೋಲೂರಿ ಮೀಟಿಂಗಿಗೆ ಹೋದಾಗ ಅವರ ಮೇಲಧಿಕಾರಿಗಳು ಏನಾಯಿತೆಂದು ಕೇಳಿದರು. ಕಲ್ಲಾರೆಗೆ ಹೋಗಿದ್ದೆ ಎಂದರು ಇವರು. “ಅಷ್ಟು ಕೆಟ್ಟಿದೆಯಾ ರಸ್ತೆ? ಜೀಪಲ್ಲಿ ಹೋದವರಿಗೇ ಹೀಗಾದ್ರೆ!” ಎಂದರು ಅವರು. ಜೀಪಿನಲ್ಲಿ ಅಲ್ಲ, ಜೇನು ಮಾರುವವನ ಮೋಟಾರ್ ಸೈಕಲ್ಲಿನ ಹಿಂದೆ, ಅವನ ಸೊಂಟ ತಬ್ಬಿಕೊಂಡು ಹೋದೆ ಎಂದು ಅಷ್ಟು ದೊಡ್ಡ ಸಭೆಯಲ್ಲಿ ಹೇಳುವುದು ಹೇಗೆ? ಸಾಹೇಬರು ಸುಮ್ಮನಾದರು. ಅವರ ಮೌನಕ್ಕೆ ಟಾರು ಬಿತ್ತು.

ರಸ್ತೆ ತಂದ ಕೀರ್ತಿ ನಂಜಪ್ಪನವರಿಗೆ ಸಂದಿತು. ಸನ್ಮಾನದ ದಿನ ಅವರು ಭಾಷಣವನ್ನು ಕೊನೆಗೂ ಪೂರ್ತಿಯಾಗಿ ಓದಿದರು. ಅದರಲ್ಲಿ ಪದ್ಮಯ್ಯನವರ ಹೆಸರಿರಲಿಲ್ಲ. ಅದನ್ನು ಬರೆದದ್ದು ಹಳೆಯ ಫೋರ್ಕನ್ನು ಮತ್ತೆ ಹಾಕಿಸುವ ಮೊದಲು, ಹಾಗಾಗಿ ಯಾರನ್ನೂ ದೂರುವಂತಿರಲಿಲ್ಲ.

ರಸ್ತೆ ಕೆಲಸ ನೋಡಿಕೊಳ್ಳಲು ಬಂದವರು ದೇವರಾಜು. ಜಲ್ಲಿ ರಾಶಿ, ಅಗೆದ ಮೋರಿಗಳ ನಡುವೆ ಜೀಪು ಹೋಗದು, ಎತ್ತಿನ ಗಾಡಿಯೂ ಹೋಗದು. ಅವರಿಗೆ ಹಳೆಯ ಸವಾರಿ ನೆನಪಾಯಿತು. ಸರ್ಕಾರಿ ಕೆಲಸಕ್ಕೆ ಆ ಮೋಟಾರ್ ಸೈಕಲ್ ಅವಶ್ಯವೆಂದೂ, ಅದರ ಫೋರ್ಕನ್ನು ತಾವೇ ಪರೀಕ್ಷಿಸಿರುವುದಾಗಿಯೂ ಇನ್‌ಸ್ಪೆಕ್ಟರಿಗೆ ಹೇಳಿ ಒಪ್ಪಿಸಿದರು. ಇಂಜಿನಿಯರು ಒಪ್ಪಿದ ಮೇಲೆ ಫೋರ್ಕು ಯಾವ ಗಾಡಿಯದಾದರೇನು ಎಂದರು ಇನ್‌ಸ್ಪೆಕ್ಟರ್. ಕೆಲಸ ನಡೆದಷ್ಟು ದಿನವೂ ಆ ದಾರಿಯಲ್ಲಿ ಓಡಾಡಿದ ವಾಹನ ಅದೊಂದೇ. ಪದ್ಮಯ್ಯನವರ ಬಾಳಿನಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ.

ಯಾಕೆಂದರೆ ರಸ್ತೆ ಮುಗಿಯಿತು. ಕಪ್ಪಗೆ, ನುಣ್ಣಗೆ, ಊರ ತನಕ. ಅದರ ಮೇಲೆ ಹೋಗಿ ಬಂದು ಅವರು ಗಾಡಿ ನಿಲ್ಲಿಸಿ ನೋಡಿದರೆ ರಬ್ಬರಿನ ಉಂಗುರ ಇಟ್ಟಲ್ಲೇ ಇತ್ತು. ಸ್ಪ್ರಿಂಗು ಇದೆ, ಎಣ್ಣೆ ಇದೆ, ಮಾಡಲು ಕೆಲಸವಿಲ್ಲ. ಕೆಲವು ದಿನ ಸಹಿಸಿದರು. ಆಮೇಲೆ ಟಾರು ಬಿಟ್ಟು, ಪಕ್ಕದಲ್ಲಿ ಉಳಿದಿದ್ದ ಹಳೆಯ ಗಾಡಿದಾರಿಯಲ್ಲಿ, ಬೇರು ಬಂಡೆಗಳ ಮೇಲೆ ಹೋಗತೊಡಗಿದರು. ಸಂಘದವರು ಕಾರಣ ಕೇಳಿದಾಗ, ಟಾರಿನ ವಾಸನೆ ಜೇನಿಗೆ ಆಗುವುದಿಲ್ಲ ಎಂದರು.

ಕಲ್ಲಾರೆಗೆ ಬಸ್ಸು ಬಂತು. ಒಂದು ಸೋಮವಾರ ಯಮುನ ಸಂತೆಯಿಂದ ಅದರಲ್ಲಿ ಬರುತ್ತಿದ್ದಳು. ಕಿಟಕಿಯ ಪಕ್ಕದ ಸೀಟು. ಏರಿನಲ್ಲಿ ಬಸ್ಸು ನಿಧಾನವಾದಾಗ ಕೆಳಗಿನ ಹಳ್ಳದಲ್ಲಿ ಪಾಚಿ ಬಣ್ಣದ ಗಾಡಿಯೊಂದು ಮೇಲೆ ಹಾರಿ, ಕೆಳಗೆ ಇಳಿದು, ಮತ್ತೆ ಹಾರುತ್ತ ಬಸ್ಸಿನ ಸಮಕ್ಕೆ ಬರುತ್ತಿತ್ತು. ಸವಾರ ಬಸ್ಸಿನ ಕಡೆ ನೋಡಲಿಲ್ಲ. ಅವನ ಕಣ್ಣೆಲ್ಲ ಮುಂದಿನ ಚಕ್ರದ ಮೇಲೆ, ಮುಖದಲ್ಲಿ ಹಬ್ಬ.

ಹೊಸದಾಗಿ ಆ ಕಡೆಗೆ ಬಂದಿದ್ದ ಹೆಂಗಸೊಬ್ಬಳು ಯಮುನಳ ಪಕ್ಕದಲ್ಲಿದ್ದಳು. “ಇಷ್ಟ್ ಚೆನ್ನಾಗಿರೋ ರಸ್ತೆ ಬಿಟ್ಟು ಅಲ್ಲಿ ಹೋಗ್ತಾವ್ರಲ್ಲ, ಯಾರಮ್ಮ ಅದು?” ಎಂದು ಕೇಳಿದಳು.

ಯಮುನ ಬಗ್ಗಿ ಚೆನ್ನಾಗಿ ನೋಡಿದಳು.

“ಯಾರೋ, ಗೊತ್ತಿಲ್ಲ,” ಎಂದು ಸೆರಗು ಸರಿಮಾಡಿಕೊಂಡಳು.